ಮಾವನ ಕಾಲು, ಮಾವನ ಕಾಟಾ

ಜಗತ್ತಿನ ಮಹಾಶೋಧಗಳೆಲ್ಲ ಹೆಂಡತಿಯನ್ನು ಕೇಳದೆಯೇ ಆಗಿವೆ ಎಂಬುದು ಚೇತನಕುಮಾರನ ಅಚಲ ನಂಬಿಕೆ. ಅದಕ್ಕೇ ಮಾರ್ಚ್ ತಿಂಗಳ ಒಂದು ಭಾನುವಾರ ಮುಂಜಾನೆ, ವಿಜಯಪುರದ ಅಥಣಿ ರಸ್ತೆಯ ತನ್ನ ಮನೆಯಲ್ಲಿ, ಚುರುಮುರಿ ಸುಸಲಾದ ತಾಟು ಪಕ್ಕಕ್ಕೆ ಸರಿಸಿ, ಟವೆಲನ್ನು ಹೆಗಲಿಗೇರಿಸಿ, ಎದ್ದು ನಿಂತು ಪ್ರತಿಜ್ಞೆ ಮಾಡಿಯೇಬಿಟ್ಟ.

"ಬರದಿಟ್ಕೋ ವಿಜಯಲಕ್ಷ್ಮೀ! ಇನ್ನೊಂದು ತಿಂಗಳದಾಗ ನಿಮ್ಮಪ್ಪಾರನ್ನ ಜಿಂಕಿ ಹಂಗ ಜಿಗದಾಡಸ್ತೀನಿ!"

"ಮದಲ ಆ ತಾಟ ಬಚ್ಚಲತನಾ ಒಯ್ದ ಇಡ್ರಿ," ಎಂದಳು ಹೆಂಡತಿ, ತಲೆ ಎತ್ತದೆ. "ಅಲ್ಲೀತನಾ ನೀವು ನಡದ್ರ ಅರ್ಧಾ ವಿಜ್ಞಾನ ಆದಂಗ."

ಚೇತನಕುಮಾರ ಹುಟ್ಟಿದ್ದು ಬಬಲೇಶ್ವರದಲ್ಲಿ, ಪಾಠ ಹೇಳುವುದು ವಿಜಯಪುರದ ಒಂದು ಇಂಜಿನಿಯರಿಂಗ್ ಕಾಲೇಜಿನಲ್ಲಿ, ಅಳಿಯನಾಗಿರುವುದು ತಿಕೋಟಾದಲ್ಲಿ. ಈ ಮೂರರಲ್ಲಿ ಸರಿಯಾದ ಮರ್ಯಾದೆ ಸಿಗುತ್ತಿದ್ದುದು ಮೂರನೆಯ ಹುದ್ದೆಯಲ್ಲಿ ಮಾತ್ರ. ಅತ್ತೆ ನೀಲಾಬಾಯಿ ಅಳಿಯ ಬಂದನೆಂದರೆ ಬಾಗಿಲಿಗೇ ನೀರು ತಂದಿಡುವವಳು. ಮಾವ ಶಂಕ್ರೆಪ್ಪ ಒಣದ್ರಾಕ್ಷಿ ವ್ಯಾಪಾರಿ. ತೂಕ ನೂರಾ ನಾಲ್ಕು ಕೆಜಿ. ಆರು ತಿಂಗಳ ಹಿಂದೆ ಡಾಕ್ಟರು ಅವರ ರಕ್ತದ ಚೀಟಿ ನೋಡಿ, ಕನ್ನಡಕ ತೆಗೆದು ಒರೆಸಿ, ಮತ್ತೆ ನೋಡಿ, "ದಿನಾ ಒಂದು ತಾಸು ನಡೀರಿ, ಇಲ್ಲಾಂದ್ರ ದಿನಾ ಎರಡು ಸೂಜಿ ಚುಚ್ಚಿಸ್ಕೋರಿ" ಎಂದಿದ್ದರು.

"ನಾ ನಡ್ಯಾಕ ಹೋದ್ರ ಕಾಟಾ ಯಾರ್ ನೋಡ್ತಾರ್ರಿ?" ಎಂದು ಶಂಕ್ರೆಪ್ಪ ಎದ್ದು ಬಂದಿದ್ದರು.

ಇದು ನೆವವಲ್ಲ. ತಿಕೋಟಾದ ಅವರ ಗೋದಾಮಿನಲ್ಲಿ ಒಂದು ಕಾಟಾ, ಅಂದರೆ ತೂಕದ ಯಂತ್ರ, ಇದೆ. ಕಬ್ಬಿಣದ ಹಲಗೆ, ಮೇಲೆ ಕೆಂಪು ಅಂಕಿ ಮಿನುಗುವ ಡಬ್ಬಿ. ಸುತ್ತಲಿನ ತೋಟದವರು, ದೂರದ ಬಬಲೇಶ್ವರದವರು ಕೂಡ, ಒಣದ್ರಾಕ್ಷಿಯ ಬಾಕ್ಸುಗಳನ್ನು ಮಾರಲು ತಂದು ಅದರ ಮೇಲಿಡುತ್ತಾರೆ. ಶಂಕ್ರೆಪ್ಪ ಮುಂಜಾನೆಯಿಂದ ದೀಪ ಹಚ್ಚುವತನಕ ಅದರ ಮಗ್ಗುಲಲ್ಲಿ ಕೂತು ಒಂದೊಂದು ಬಾಕ್ಸನ್ನೂ ಕಣ್ಣಾರೆ ನೋಡುತ್ತಾರೆ. ಮೂವತ್ತು ವರ್ಷದಲ್ಲಿ ಒಬ್ಬನೇ ಒಬ್ಬ ರೈತನೂ ಆ ಕಾಟಾದ ಅಂಕಿಯನ್ನು ಎರಡನೇ ಸಲ ನೋಡಿಲ್ಲ. 'ಪಂಚಾಂಗ ತಪ್ಪೀತು, ಶಂಕ್ರೆಪ್ಪ ಸಾವ್ಕಾರರ ಕಾಟಾ ತಪ್ಪಲಿಕ್ಕಿಲ್ಲ' ಎನ್ನುವ ಆ ಒಂದು ಮಾತೇ ಅವರು ಗಳಿಸಿದ ಆಸ್ತಿ.

ಅದಕ್ಕಿಂತ ಹೆಚ್ಚಿನದೊಂದಿತ್ತು. ಶಂಕ್ರೆಪ್ಪ ಬಾಕ್ಸನ್ನು ಎರಡೂ ಕೈಯಲ್ಲಿ ಒಮ್ಮೆ ಎತ್ತಿ ಇಳಿಸಿ, "ಹದಿನೈದು ಕೆಜಿ, ಮ್ಯಾಲ ನೂರು ಗ್ರಾಮ್" ಎಂದರೆ, ಆಮೇಲೆ ಕಾಟಾ ಕೂಡ ಮರು ಮಾತಾಡದೆ ಅದನ್ನೇ ತೋರಿಸುತ್ತಿತ್ತು. ಕಾಟಾ ಅವರನ್ನು ನಂಬಿತ್ತೋ, ಅವರು ಕಾಟಾವನ್ನು ನಂಬಿದ್ದರೋ, ಹೇಳುವುದು ಕಷ್ಟ.

ಇಂಥ ಮಾವನನ್ನು ನಡೆಸಲು ಚೇತನಕುಮಾರ ತಯಾರಿಸಿದ ಅಸ್ತ್ರದ ಹೆಸರು 'ಹಗುರಪಾದ'.

ಕಣಕಾಲಿಗೆ ಕಟ್ಟಿಕೊಳ್ಳುವ ಎರಡು ಪಟ್ಟಿ. ಪಟ್ಟಿಯೊಳಗೆ ಪುಟ್ಟ ಮೈಕು. ಕಿವಿಗೆ ಇಯರ್‌ಫೋನು. ನೀವು ನೆಲಕ್ಕೆ 'ಧಪ್' ಎಂದು ಕಾಲಿಟ್ಟರೆ, ಪಟ್ಟಿ ಆ ಸಪ್ಪಳವನ್ನು ಹಿಡಿದು, ಅದರಲ್ಲಿನ ದಪ್ಪ ದನಿಯನ್ನೆಲ್ಲ ಸೋಸಿ ಚೆಲ್ಲಿ, ಕಿವಿಗೆ 'ಟಿಕ್' ಎಂದಷ್ಟೇ ಕಳಿಸುತ್ತದೆ. ಮಿದುಳು ಪಾಪ, ತಲೆಬುರುಡೆಯ ಕತ್ತಲಲ್ಲಿ ಕೂತಿರುವ ಗುಮಾಸ್ತ! ಕಿವಿ ಹೇಳಿದ್ದನ್ನು ನಂಬುತ್ತದೆ. 'ಓಹೋ, ಯಜಮಾನರು ತೆಳ್ಳಗಾಗಿದ್ದಾರೆ' ಎಂದುಕೊಂಡು ಮೈಯನ್ನೆಲ್ಲ ಹುರಿದುಂಬಿಸುತ್ತದೆ. ಹಗುರಾದವನಿಗೆ ನಡೆಯಲು ಏನು ಧಾಡಿ? ನಡೆಯುತ್ತಾನೆ!

ಈ ಅಸ್ತ್ರ ಒಂದೇ ಸಲಕ್ಕೆ ಒಲಿದಿರಲಿಲ್ಲ. ಮೊದಲ ಮಾದರಿಯಲ್ಲಿ ಸಪ್ಪಳ ಎಷ್ಟು ತೆಳ್ಳಗಾಗಿತ್ತೆಂದರೆ, ಕಟ್ಟಿಕೊಂಡ ಸಹೋದ್ಯೋಗಿ ರಾಜರತ್ನ ಕಾಲೇಜಿನ ವರಾಂಡದಲ್ಲಿ ಮೂರು ಸಲ ತಿರುಗಿ ನೋಡಿ, "ಸರ್, ನನ್ನ ಹಿಂದ ಬೆಕ್ಕ ಬರಾಕತ್ತೇತಿ" ಎಂದಿದ್ದ. ಎರಡನೆಯದರಲ್ಲಿ ಸಪ್ಪಳ ಅರ್ಧ ಸೆಕೆಂಡು ತಡವಾಗಿ ಬಂದು, ಕಾಲಿಡುವುದೊಬ್ಬ, ನಡೆಯುವುದಿನ್ನೊಬ್ಬ ಎಂಬಂತಾಗಿ ಅದೇ ರಾಜರತ್ನ ನೋಟೀಸ್ ಬೋರ್ಡಿಗೆ ಹಾಯ್ದಿದ್ದ. ಮೂರನೆಯದು ಸರಿಹೋಯಿತು. ಅದನ್ನು ಕಟ್ಟಿಕೊಳ್ಳಲು ರಾಜರತ್ನ ಒಪ್ಪಲಿಲ್ಲ. ಹೀಗಾಗಿ ಚೇತನಕುಮಾರ ತಾನೇ ಕಟ್ಟಿಕೊಂಡ.

ನಾಲ್ಕು ತಿಂಗಳು ಕಟ್ಟಿಕೊಂಡು ಓಡಾಡಿದ. ಮೈಯೆಲ್ಲ ಅರಳೆ! ಎಂಬತ್ತು ಕೆಜಿ ಇದ್ದವನು ಎಪ್ಪತ್ತೆರಡಕ್ಕೆ ಇಳಿದೇ ಬಿಟ್ಟೆ ಎಂದು ಸ್ಟಾಫ್ ರೂಮಿನಲ್ಲಿ ಸಾರಿದ. ತೂಗಿ ನೋಡಿದೆಯಾ ಎಂದು ಕೇಳಿದವರಿಗೆ, "ತಕ್ಕಡಿ ಹೇಳೂದು ಹಳೇ ಸುದ್ದಿ, ಶರೀರ ಹೇಳೂದು ಇವತ್ತಿನ ಸುದ್ದಿ" ಎಂಬ ಉತ್ತರ ತಯಾರಿತ್ತು. ಇಷ್ಟು ಹಗುರಾದ ಮನುಷ್ಯ ಗಾಳಿಗೆ ಹಾರಿಹೋಗಬಾರದಲ್ಲ, ಅದಕ್ಕೆಂದು ಸಂಜೆ ಕಾಲೇಜಿನಿಂದ ಬರುವಾಗ ಒಂದು ಪ್ಲೇಟು ಮಿರ್ಚಿ ಭಜಿ ತಿಂದು ಬರುತ್ತಿದ್ದ.

ಅದೇ ಭಾನುವಾರ ಮಧ್ಯಾಹ್ನ ಶಂಕ್ರೆಪ್ಪ, ನೀಲಾಬಾಯಿ ಊಟಕ್ಕೆ ಬಂದರು. ಊಟವಾದ ಮೇಲೆ ಅಳಿಯ ನೆಲಕ್ಕೆ ಕೂತು ಮಾವನ ಕಾಲಿಗೆ ಪಟ್ಟಿ ಬಿಗಿದ.

"ಇದೇನ್ರಿ ಅಳಿಯಾರ, ಕಾರಹುಣ್ಣಿಮಿಗಿ ಎತ್ತಿಗಿ ಗೆಜ್ಜಿ ಕಟ್ಟಿದಂಗ ಕಟ್ಟಾಕತ್ತೀರಿ?"

"ಮಾವಾರ, ಸುಮ್ಮ ಓಣಿ ತುದೀತನಾ ಹೋಗಿ ಬರ್ರಿ."

ಓಣಿಯ ತುದಿಗೆಂದು ಹೋದವರು ನಲವತ್ತು ನಿಮಿಷ ಪತ್ತೆಯಿಲ್ಲ. ನೀಲಾಬಾಯಿ ಬಾಗಿಲಿಗೆ ಬಂದು ನಿಂತಳು. ಕೊನೆಗೆ ಬಂದರು, ಅಂಗಿ ತೊಯ್ದು ತೊಪ್ಪೆ, ಮುಖದಲ್ಲಿ ಮಾತ್ರ ಮದುಮಗನ ಕಳೆ.

"ಯಪ್ಪಾ ಯಪ್ಪಾ! ನಾ ನಡದೇನೋ ಇಲ್ಲೋ ಗೊತ್ತಾಗವಲ್ದು! ಕಾಲ ನೆಲಕ್ಕ ಹತ್ತವಲ್ವು!"

"ಅಂಗಿ ಹಿಂಡಿದ್ರ ಗೊತ್ತಾಗ್ತೈತಿ," ಎಂದಳು ನೀಲಾಬಾಯಿ. ಆದರೆ ಅವಳ ಕಣ್ಣು ತುಂಬಿದ್ದವು. ಮದುವೆಯಾದ ಮೇಲೆ ಗಂಡ ಇಷ್ಟು ದೂರ ನಡೆದದ್ದನ್ನು ಅವಳು ನೋಡಿರಲಿಲ್ಲ.

ಮುಂದಿನ ಹತ್ತು ದಿನ ಚೇತನಕುಮಾರನ ಜೀವನದ ಸುವರ್ಣಯುಗ! ಶಂಕ್ರೆಪ್ಪ ಹೊತ್ತು ಮೂಡುವ ಮೊದಲೇ ಎದ್ದು ತಿಕೋಟಾದ ತೋಟಗಳ ದಾರಿ ಹಿಡಿದು ಆರು ಸಾವಿರ ಹೆಜ್ಜೆ, ಏಳು ಸಾವಿರ ಹೆಜ್ಜೆ ಹಾಕಿ, ಎಂಟಕ್ಕೆ ಸರಿಯಾಗಿ ಕಾಟಾದ ಹತ್ತಿರ ಬರತೊಡಗಿದರು. ಹೆಜ್ಜೆಯ ಲೆಕ್ಕ ಅಳಿಯನ ಫೋನಿಗೆ ಬರುತ್ತಿತ್ತು. ಅಳಿಯ ಅದರ ಚಿತ್ರ ಬರೆದು ಕಾಲೇಜಿನ ಗೋಡೆಗೆ ಅಂಟಿಸಿದ.

"ನಡ್ಯಾಕತ್ತಿದ್ದು ನಮ್ಮಪ್ಪ, ಎದಿ ಉಬ್ಬಸಾಕತ್ತಿದ್ದು ನೀವು," ಎಂದಳು ವಿಜಯಲಕ್ಷ್ಮೀ. ಆಮೇಲೆ ಸ್ವಲ್ಪ ಯೋಚಿಸಿ, "ಅಲ್ರೀ, ಇದು ಬರೇ ಅನಿಸಿಕಿ, ಖರೇ ಖರೇ ತೂಕ ಇಳದಿಲ್ಲ ಅಂತ ಅಪ್ಪಗ ಹೇಳೀರೇನು?"

"ಹೇಳಬಾರ್ದು! ಹೇಳಿದ್ರ ಅದರ ಗುಣಾನ ಹೋಗ್ತೈತಿ. ಮಿದುಳಿಗಿ ಗೊತ್ತಾಗದಂಗ ಮಾಡಬೇಕು. ಇದು ವಿಜ್ಞಾನ, ನಿನಗ ತಿಳಿಯಂಗಿಲ್ಲ."

"ತಿಳಿಯಂಗಿಲ್ಲ ಖರೆ," ಎಂದಳು ಅವಳು. "ನಮ್ಮಪ್ಪಗ ಸುಳ್ಳ ಹೇಳೂದು ನನಗ ಮದಲಿಂದ ಬರಂಗಿಲ್ಲ."

ಪಟ್ಟಿ ಕಟ್ಟಿದ ಹನ್ನೆರಡನೇ ದಿನ ಗುರುವಾರ. ಹಂಗಾಮಿನಲ್ಲಿ ಗುರುವಾರವೆಂದರೆ ತೂಕದ ಭರಾಟೆಯ ದಿನ. ಚೇತನಕುಮಾರ ಪಾಠ ಹೇಳುತ್ತಿದ್ದಾಗ ಅತ್ತೆಯ ಫೋನು ಬಂತು.

"ಅಳಿಯಾರ, ಇದ್ದಂಗ ಎದ್ದ ಬರ್ರಿ. ಇವರು ಕಾಟಾ ಕೆಟ್ಟೈತಿ ಅಂತ ಅಂದಬಿಟ್ಟಾರ. ಎಲ್ಲಾರ ಮುಂದ!"

"ಕಾಟಾ ಕೆಟ್ರ ಮೆಕ್ಯಾನಿಕನ್ನ ಕರೀರಿ ಅತ್ತಿಯಾರ, ನಾ ಯಾಕ?"

"ಕಾಟಾ ನೆಟ್ಟಗ ಐತ್ರಿ! ಕೆಟ್ಟಿದ್ದು ಇವರು. ಕೆಡಿಸಿದ್ದು ನೀವು!"

ನಡೆದದ್ದು ಹೀಗೆ. ಮುಂಜಾನೆ ಶಂಕ್ರೆಪ್ಪ ಎಂಟು ಸಾವಿರ ಹೆಜ್ಜೆ ಹಾಕಿ, ಕಿವಿಯಲ್ಲಿ ಇಯರ್‌ಫೋನು ಹಾಗೇ ಇಟ್ಟುಕೊಂಡು, ನವಿಲಿನ ನಡಿಗೆಯಲ್ಲಿ ಗೋದಾಮಿಗೆ ಬಂದರು. ಅಂಗಳದಲ್ಲಿ ಟ್ರ್ಯಾಕ್ಟರುಗಳು ಸಾಲುಗಟ್ಟಿದ್ದವು. ರೈತರನ್ನು ನೋಡಿ ಸಾವ್ಕಾರರಿಗೆ ಹುಮ್ಮಸ್ಸು ಉಕ್ಕಿತು.

"ನೋಡ್ರೆಪಾ ನಿಮ್ಮ ಸಾವ್ಕಾರ ಎಷ್ಟ ಇಳದಾನ! ನಾಕ ಕೆಜಿ ಹಸಿ ದ್ರಾಕ್ಷಿ ಒಣಗಿದ್ರ ಒಂದ ಕೆಜಿ ಆಗ್ತೈತಲ್ಲ, ನಾನೂ ಹಂಗ ಒಣಗೇನಿ. ತೊಂಬತ್ತ ಕೆಜಿ ಮ್ಯಾಲ ಒಂದ ಗ್ರಾಮ್ ಇದ್ರ ಹೇಳ್ರಿ!"

ಎಂದು ಕಾಟಾ ಹತ್ತಿ ನಿಂತರು. ಕೆಂಪು ಅಂಕಿ ಮಿನುಗಿತು. ನೂರಾ ನಾಲ್ಕು.

ಇಳಿದರು. ಚಪ್ಪಲಿ ಬಿಟ್ಟರು. ಕಿಸೆಯ ಬೀಗದ ಕೈ, ಅಡಿಕೆ ಚೀಲ ತೆಗೆದಿಟ್ಟು ಮತ್ತೆ ಹತ್ತಿದರು. ನೂರಾ ನಾಲ್ಕಕ್ಕೆ ಕೊಂಚವೇ ಕಡಿಮೆ.

ಬೇರೆ ಯಾರಾದರೂ ಆಗಿದ್ದರೆ ಹಾಳಾಗಲಿ ಎಂದು ಇಳಿದು ಚಹಾ ಕುಡಿಯುತ್ತಿದ್ದರು. ಆದರೆ ಬಾಕ್ಸು ಎತ್ತಿದರೆ ನೂರು ಗ್ರಾಮಿನ ತನಕ ತೂಕ ಹೇಳುವ ಮನುಷ್ಯ! ಮೂವತ್ತು ವರ್ಷದಲ್ಲಿ ಮೈಯ ಅಂದಾಜು ಒಮ್ಮೆಯೂ ಸುಳ್ಳಾಗಿಲ್ಲ. ಆ ಮೈ ಈಗ ತೊಂಬತ್ತು ಎನ್ನುತ್ತಿದೆ, ಕಾಟಾ ನೂರಾ ನಾಲ್ಕು ಎನ್ನುತ್ತಿದೆ. ಯಾರನ್ನು ನಂಬಬೇಕು? ಶಂಕ್ರೆಪ್ಪ ತಮ್ಮ ಮೈಯನ್ನು ನಂಬಿದರು. ಬೆವರು ಒರೆಸಿಕೊಂಡು, ಹದಿನಾಲ್ಕು ಕೆಜಿಯ ಫರಕನ್ನು ನೂರಕ್ಕೆ ಲೆಕ್ಕ ಹಾಕಿ, ಇಡೀ ಅಂಗಳಕ್ಕೆ ಕೇಳುವಂತೆ ಕೂಗಿದರು.

"ಕಾಟಾ ಬಂದ್ ಮಾಡ್ರಿ! ನೂರಕ್ಕ ಹದಿಮೂರೂವರಿ ಹೆಚ್ಚ ತೋರ್ಸಾಕತ್ತೇತಿ! ಇವತ್ತ ತೂಗೂ ಮಾಲಿಗೆಲ್ಲಾ ಹದಿಮೂರೂವರಿ ಮುರೀರಿ!"

ಪ್ರಾಮಾಣಿಕತೆ ಒಳ್ಳೆಯದೇ. ಆದರೆ ಅದಕ್ಕೂ ಒಂದು ಹೊತ್ತು ಗೊತ್ತು ಬೇಡವೇ?

ಬಬಲೇಶ್ವರದ ರೈತ ಭಾಗಪ್ಪ ತನ್ನ ಟ್ರ್ಯಾಕ್ಟರಿನಿಂದ ನಿಧಾನ ಇಳಿದು ಬಂದ. ಇಪ್ಪತ್ತು ವರ್ಷದಿಂದ ಇದೇ ಕಾಟಾಕ್ಕೆ ಮಾಲು ಹಾಕುವವನು, ಅಳತೆ ಮಾಡಿ ಮಾತಾಡುವವನು.

"ಸಾವ್ಕಾರ್ರ, ನೀವು ಹಗರ ಆದ್ರಿ, ಛಲೋ ಆತು. ನಮ್ಮ ದ್ರಾಕ್ಷಿ ಯಾಕ ಹಗರ ಆಗಬೇಕ್ರಿ?"

"ಭಾಗಪ್ಪಾ, ಕಾಟಾ ತಪ್ಪ ಹೇಳಾಕತ್ತೇತೋ!"

"ಇವತ್ತ ತಪ್ಪ ಹೇಳಾಕತ್ತೇತಿ ಅಂದ್ರಿ. ನಿನ್ನಿ? ಹೋದ ವರ್ಷ? ಆವಾಗ ಯಾ ಕಡೆ ವಾಲಿತ್ರಿ?"

ಆ ಪ್ರಶ್ನೆ ಒಣಹುಲ್ಲಿಗೆ ಬಿದ್ದ ಕಿಡಿಯಾಯಿತು. ಹೋದ ವರ್ಷದ ಮಾತು ಬಂತು, ಅದರ ಹಿಂದಿನ ವರ್ಷದ್ದು ಬಂತು. ಅಳಿಯ ಏನೋ ಮಷೀನು ಮಾಡಿದ್ದಾನಂತೆ, ಮಾವ ಅದನ್ನು ಕಾಲಿಗೆ ಕಟ್ಟಿಕೊಂಡು ಕಾಟಾ ಹತ್ತುತ್ತಾನಂತೆ ಎಂಬ ಮಾತೂ ಹುಟ್ಟಿತು. ತೂಕದ ಕಲ್ಲು ತಂದು ಇಟ್ಟು ತೋರಿಸಿದರೆ, "ಕಾಟಾನೂ ನಿಮ್ದು, ಕಲ್ಲೂ ನಿಮ್ಮವು" ಎಂದರು. ಬಾಕ್ಸುಗಳು ಒಂದೊಂದಾಗಿ ತಿರುಗಿ ಟ್ರ್ಯಾಕ್ಟರಿಗೆ ಏರತೊಡಗಿದವು.

ಇತ್ತ ಅಥಣಿ ರಸ್ತೆಯಲ್ಲಿ ವಿಜಯಲಕ್ಷ್ಮೀ ಸ್ಕೂಟಿ ಓಡಿಸುತ್ತಿದ್ದಳು. ಹಿಂದೆ ಕೂತ ಚೇತನಕುಮಾರ ರೈತರಿಗೆ ಕೊಡಬೇಕಾದ ಉಪನ್ಯಾಸವನ್ನು ಮನಸ್ಸಿನಲ್ಲೇ ತಯಾರಿಸುತ್ತಿದ್ದ. ತೊರವಿ ದಾಟಿ ಏರು ಬಂದಾಗ ಸ್ಕೂಟಿ ನರಳಿತು.

"ಯಾಕ, ಗಾಡಿ ಎಳೀವಲ್ದಲ್ಲ?"

"ಗಾಡಿಗಿ ಇಯರ್‌ಫೋನ ಹಾಕಿಲ್ಲಲ್ರೀ," ಎಂದಳು ವಿಜಯಲಕ್ಷ್ಮೀ. "ಅದಕ್ಕ ಇದ್ದದ್ದ ಇದ್ದಂಗ ತಿಳಿಯಾಕತ್ತೇತಿ."

ಚೇತನಕುಮಾರ ಇದನ್ನು ಕೇಳಿಸಿಕೊಳ್ಳಲಿಲ್ಲ. ದೊಡ್ಡವರು ಸಣ್ಣ ಮಾತುಗಳನ್ನು ಕೇಳಿಸಿಕೊಳ್ಳುವುದಿಲ್ಲ.

ಗೋದಾಮಿಗೆ ಬಂದಾಗ ಅರ್ಧ ಅಂಗಳ ಖಾಲಿಯಾಗುವುದರಲ್ಲಿತ್ತು. ಶಂಕ್ರೆಪ್ಪ ಕಾಟಾದ ಕಬ್ಬಿಣದ ಕಂಬ ಹಿಡಿದು ನಿಂತಿದ್ದರು. ಬೆಳಗ್ಗೆ ನವಿಲಾಗಿದ್ದ ಮನುಷ್ಯ ಈಗ ಗಾಳಿ ಹೋದ ಚೀಲದಂತೆ ಕಂಡರು. ಅದನ್ನು ನೋಡಿ ಚೇತನಕುಮಾರ ಎರಡು ಹೆಜ್ಜೆ ಹಿಂದೆ ಸರಿದ. ಆದರೂ ಉಪನ್ಯಾಸ ತಯಾರಾಗಿತ್ತಲ್ಲ, ಬಿಡುವುದೆಂತು? ಒಂದು ಖಾಲಿ ಬಾಕ್ಸು ಹತ್ತಿ ನಿಂತ.

"ಹಿರಿಯಾರ, ಕಾಟಾ ಬರೋಬ್ಬರಿ ಐತ್ರಿ! ಸುಳ್ಳ ಹೇಳಾಕತ್ತಿದ್ದು ನಮ್ಮ ಮಾವಾರ ಕಾಲು. ಈ ಪಟ್ಟಿ ಕಟ್ಟಿಕೊಂಡ್ರ ಮನಷ್ಯಾಗ ತಾನು ಹಗರ ಆಗೇನಿ ಅನಸ್ತೈತಿ, ಆದ್ರ ಆಗಿರಂಗಿಲ್ಲ. ಅದು ಬರೇ..."

"ನನ್ನ ಕಾಲು ಸುಳ್ಳ?" ಶಂಕ್ರೆಪ್ಪನವರ ದನಿ ಮೊದಲ ಸಲ ಅಳಿಯನ ಮೇಲೆ ಏರಿತು. "ಅಳಿಯಾರ, ಈ ಮೈ ಮೂವತ್ತ ವರ್ಷ ಒಂದ ಪಾವ ತಪ್ಪಿಲ್ಲ. ನೀವ ಕಟ್ಟಿದ ಪಟ್ಟಿ, ನೀವ ಸುಳ್ಳ ಅಂತೀರೇನು?"

"ಅಳಿಯಾನೂ ಹಂಗ ಅಂತಾನ, ಮಾವಾನೂ ಹಿಂಗ ಅಂತಾನ," ಯಾರೋ ಹಿಂದಿನಿಂದ ಕೂಗಿದ. "ಇಬ್ಬರೂ ಕೂಡಿ ನಮ್ಮ ತಲಿಗಿ ಟೊಪಗಿ ಹಾಕಾಕತ್ತಾರ!"

ಭಾಗಪ್ಪ ಕೈ ಎತ್ತಿ ಎಲ್ಲರನ್ನೂ ಸುಮ್ಮನಾಗಿಸಿದ.

"ತಡೀರಿ. ಕಲ್ಲ ಸಾವ್ಕಾರರವು, ಒಪ್ಪಿದೆ. ಆದ್ರ ಈ ಇಂಜಿನಿಯರ ನಮ್ಮ ಬಬಲೇಶ್ವರದ ಹುಡುಗ. ಹುಟ್ಟಿದ್ದು ನಮ್ಮ ಕಡೆ, ಹೆಣ್ಣ ತಂದಿದ್ದು ಇವರ ಕಡೆ. ಎರಡೂ ಕಡೆದವ. ಇವನನ್ನ ಕಾಟಾ ಹತ್ತಸೂಣು. ಕಲ್ಲಿನ ತಳಾ ತಿಕ್ಕಿ ಹಗರ ಮಾಡಾಕ ಬರ್ತೈತಿ, ಮನಷ್ಯಾನ್ನ ತಿಕ್ಕಾಕ ಬರಂಗಿಲ್ಲ."

ತಿಕೋಟಾದವರೂ ತಲೆಯಾಡಿಸಿದರು, ಬಬಲೇಶ್ವರದವರೂ ತಲೆಯಾಡಿಸಿದರು. ಹೆಣ್ಣು ಕೊಟ್ಟು ತಂದ ಸಂಬಂಧಕ್ಕಿಂತ ದೊಡ್ಡ ಸಾಕ್ಷಿ ಆ ಸೀಮೆಯಲ್ಲಿ ಇನ್ನೊಂದಿಲ್ಲ.

"ನಿಮ್ಮ ತೂಕ ಎಷ್ಟ್ರಿ ಸರ್?" ಭಾಗಪ್ಪ ಕೇಳಿದ. "ಹತ್ತೂಕಿಂತ ಮದಲ ಹೇಳಬೇಕ ಮತ್ತ."

"ಎಪ್ಪತ್ತೆರಡು!" ಎಂದ ಚೇತನಕುಮಾರ, ತಡವರಿಸದೆ.

ವಿಜಯಲಕ್ಷ್ಮೀ ಕಣ್ಣು ಮುಚ್ಚಿಕೊಂಡಳು.

ಚೇತನಕುಮಾರ ಕಾಟಾ ಹತ್ತಿದ. ಕೆಂಪು ಅಂಕಿ ಸ್ವಲ್ಪ ಹೊಯ್ದಾಡಿ ನಿಂತಿತು. ಎಂಬತ್ಮೂರು ಕೆಜಿ, ಮೇಲೆ ಇನ್ನೂರು ಗ್ರಾಮ್.

ಶಂಕ್ರೆಪ್ಪ ಬೆರಳು ಮಡಚಿ, ತುಟಿ ಅಲುಗಿಸಿ, ಬಾಯಿಲೆಕ್ಕ ಹಾಕಿದರು. ಮರುಕ್ಷಣ ಮುಖ ಅರಳಿತು.

"ನೋಡ್ರಿ! ಎಂಬತ್ಮೂರಾಗ ನೂರಕ್ಕ ಹದಿಮೂರೂವರಿ ಮುರದ್ರ ಎಷ್ಟಾತು? ಎಪ್ಪತ್ತೆರಡು! ಬರೋಬ್ಬರಿ ಎಪ್ಪತ್ತೆರಡು! ನಾ ಅದನ್ನ ಅಂದಿದ್ನೋ ಇಲ್ಲೋ? ಕಾಟಾ ಕೆಟ್ಟೈತಿ!"

ಒಂದೇ ಪಟ್ಟಿ, ಒಂದೇ ಅಳತೆಯಲ್ಲಿ, ಮಾವನ ಮಿದುಳನ್ನೂ ಅಳಿಯನ ಮಿದುಳನ್ನೂ ಮೋಸ ಮಾಡಿತ್ತು! ಇಷ್ಟು ಕರಾರುವಾಕ್ಕಾದ ಪ್ರಯೋಗ ಯಾವ ವಿಜ್ಞಾನಿಗೆ ದಕ್ಕೀತು? ಚೇತನಕುಮಾರನ ಇಡೀ ಶೋಧಜೀವನದ ಅತ್ಯಂತ ದೊಡ್ಡ ಯಶಸ್ಸು ಅದೇ ಕ್ಷಣದಲ್ಲಿ ಸಾಬೀತಾಯಿತು. ಅದರ ಜೊತೆಗೇ ಮಾವನ ಮೂವತ್ತು ವರ್ಷದ ಹೆಸರೂ ಮಣ್ಣುಗೂಡಿತು. ಶಂಕ್ರೆಪ್ಪ ತಾವು ಗೆದ್ದೆವೆಂದು ನಗುತ್ತಿದ್ದರು. ಸುತ್ತಲೂ ಜನ ಬಾಕ್ಸು ಎತ್ತುತ್ತಿದ್ದರು. ಭಾಗಪ್ಪ ತಲೆಯ ರುಮಾಲು ಬಿಚ್ಚಿ ಕೊಡವಿ ಮತ್ತೆ ಸುತ್ತಿಕೊಳ್ಳತೊಡಗಿದ.

ವಿಜಯಲಕ್ಷ್ಮೀ ಕಾಟಾದ ಹತ್ತಿರ ಬಂದು ಸಣ್ಣ ದನಿಯಲ್ಲಿ ಕೇಳಿದಳು. "ನೀವ ಹೇಳ್ತೀರೋ, ನಾ ಹೇಳ್ಲೋ?"

"ಏನ?"

"ನಮ್ಮಪ್ಪನ ಮಾನ ಹೊಂಟೈತ್ರಿ. ನಿಮ್ಮ ಎಪ್ಪತ್ತೆರಡು ದೊಡ್ಡದೇನು?"

ಚೇತನಕುಮಾರ ಕೆಂಪು ಅಂಕಿ ನೋಡಿದ. ನಗುತ್ತಿದ್ದ ಮಾವನನ್ನು ನೋಡಿದ. ಕಾಲೇಜಿನ ಸ್ಟಾಫ್ ರೂಮು, ಗೋಡೆಗಂಟಿಸಿದ ಚಿತ್ರ, ರಾಜರತ್ನನ ಹಲ್ಲುಕಿರಿತ ಎಲ್ಲ ಕಣ್ಣ ಮುಂದೆ ಬಂದವು. ಆದರೂ ಹೇಳಿದ. ಅವನ ಆಯುಷ್ಯದಲ್ಲಿ ಅಷ್ಟು ಕಷ್ಟಪಟ್ಟು ಹೇಳಿದ ಮಾತು ಇನ್ನೊಂದಿಲ್ಲ.

"ಕಾಟಾ ಖರೆ ಐತ್ರಿ. ನಾ ಎಪ್ಪತ್ತೆರಡ ಇಲ್ಲ. ನಾ... ತೂಗಿ ನೋಡೇ ಇಲ್ಲ. ನಾನೂ ಇದ ಪಟ್ಟಿ ಕಟ್ಟೀನಿ. ನನಗ ಹಂಗ ಅನಿಸಿತ್ತು."

ಯಾರೂ ನಂಬಲಿಲ್ಲ. ಮಾವನನ್ನು ಉಳಿಸಲು ಅಳಿಯ ಹೊಸ ಸುಳ್ಳು ಕಟ್ಟುತ್ತಿದ್ದಾನೆ ಎಂಬ ಗುಜುಗುಜು ಶುರುವಾಯಿತು. ಸುಳ್ಳು ಹೇಳಿದಾಗ ಒಪ್ಪಿದ ಜನ, ನಿಜ ಹೇಳಿದಾಗ ಕೈಕೊಟ್ಟರು!

ಆಗ ವಿಜಯಲಕ್ಷ್ಮೀ ಸೆರಗು ಸೊಂಟಕ್ಕೆ ಸಿಕ್ಕಿಸಿದಳು.

"ಭಾಗಪ್ಪಣ್ಣಾರ, ನನ್ನ ಮಾತ ಕೇಳ್ರಿ. ಈ ನಾಕ ತಿಂಗಳದಾಗ ಇವರ ಆರೂ ಪ್ಯಾಂಟಿನ ಟೊಂಕದ ಹೊಲಿಗಿ ನಾ ಎರಡೆರಡ ಸಲ ಬಿಚ್ಚೇನಿ. ಇವರಿಗಿ ಗೊತ್ತಿಲ್ಲ. 'ನಾ ತೆಳ್ಳಗಾಗೇನಿ, ನೋಡು ಪ್ಯಾಂಟ ಸಡ್ಲ ಆಗೇತಿ' ಅಂತ ದಿನಾ ಕನ್ನಡಿ ಮುಂದ ನಿಂದರ್ತಿದ್ರು. ಪಾಪ, ಖುಷಿಲೆ ಇರ್ಲಿ ಅಂತ ನಾ ಸುಮ್ಮನಿದ್ದೆ. ಈಗ ಹಾಕ್ಕೊಂಡ ಪ್ಯಾಂಟನ್ಯಾಗೂ ಹಳೇ ಹೊಲಿಗಿ ಗುರ್ತ ಐತಿ. ಬೇಕಾದ್ರ ನೋಡ್ರಿ!"

ಅಂಗಳದಲ್ಲಿದ್ದ ನಲವತ್ತು ಜನ ನೋಡಿದರು! ಒಬ್ಬ ಮುದುಕ ಕನ್ನಡಕ ಹಾಕಿಕೊಂಡು ಬಗ್ಗಿ, ಬೆರಳಿನಿಂದ ಸವರಿ, "ಹೌದ್ರೆಪಾ, ಎರಡ ಗೆರಿ ಅದಾವು" ಎಂದು ತೀರ್ಪು ಕೊಟ್ಟ. ನಗೆ ಸಿಡಿಯಿತು. ಹಮಾಲರು ಬಾಕ್ಸು ಕೆಳಗಿಟ್ಟು ನಕ್ಕರು. ನೀಲಾಬಾಯಿ ಸೆರಗು ಬಾಯಿಗೆ ಅಡ್ಡ ಹಿಡಿದಳು. ಚೇತನಕುಮಾರ ಕಾಟಾದ ಮೇಲೆಯೇ ನಿಂತಿದ್ದ. ಇಳಿ ಎಂದು ಯಾರೂ ಹೇಳಿರಲಿಲ್ಲ.

ಆದರೂ ಭಾಗಪ್ಪ ಅರ್ಧಕ್ಕೆ ಬಿಡುವವನಲ್ಲ. "ಹೊಲಿಗಿ ಖರೆ. ಆದ್ರ ಎಂಬತ್ಮೂರೋ ಎಂಬತ್ತೈದೋ ಹೊಲಿಗಿ ಹೇಳಂಗಿಲ್ಲ. ನಡೀರಿ, ಹಿಟ್ಟಿನ ಗಿರಣಿ ಕಾಟಾದ ಮ್ಯಾಲ ನೋಡೂಣು."

ಹೊರಟಿತು ಮೆರವಣಿಗೆ! ಮುಂದೆ ಭಾಗಪ್ಪ, ಅವನ ಹಿಂದೆ ಅಪರಾಧಿಯಂತೆ ಇಂಜಿನಿಯರು, ಹಿಂದೆ ನಲವತ್ತು ಜನ. ಶಂಕ್ರೆಪ್ಪ ಒಂದು ಕ್ಷಣ ಅಲ್ಲೇ ನಿಂತರು. ಆಮೇಲೆ ಬಗ್ಗಿ ಕಾಲಿನ ಪಟ್ಟಿ ಬಿಚ್ಚಿದರು, ಕಿವಿಯ ಇಯರ್‌ಫೋನು ಕಿತ್ತರು, ಎರಡನ್ನೂ ಮಗಳ ಕೈಗಿತ್ತು ನಡೆಯತೊಡಗಿದರು. ಹನ್ನೆರಡು ದಿನದ ಮೇಲೆ ಅವರಿಗೆ ತಮ್ಮ ಹೆಜ್ಜೆಯ ನಿಜವಾದ ಸಪ್ಪಳ ಕೇಳಿಸಿತು. ಧಪ್. ಧಪ್. ಧಪ್. ಅದನ್ನು ಕೇಳುತ್ತ ಕೇಳುತ್ತ ಅವರ ಮುಖ ಇಳಿಯಿತು.

"ವಿಜೂ, ನಾ ಇಷ್ಟ ಭಾರ ಅದೀನೇನ ಬೇ?"

"ಹೌದಪ್ಪಾ," ಎಂದಳು ಮಗಳು. "ಆದ್ರೂ ನಡ್ಯಾಕತ್ತೀ ನೋಡು."

ಗಿರಣಿ ಬಸ್ ಸ್ಟ್ಯಾಂಡಿನ ಆಚೆಗೆ, ಬಿಸಿಲು ನೆತ್ತಿಯ ಮೇಲೆ. ಶಂಕ್ರೆಪ್ಪ ನಡುವೆ ಒಂದು ಕಡೆಯೂ ಕೂರಲಿಲ್ಲ.

ಗಿರಣಿಯವ ಜೋಳದ ಚೀಲ ಇಳಿಸಿ ಇಂಜಿನಿಯರನನ್ನು ಏರಿಸಿದ. ಅಂಕಿ ಹೊಯ್ದಾಡಿತು. ನಲವತ್ತು ಜನ ಕತ್ತು ಚಾಚಿದರು. ಶಂಕ್ರೆಪ್ಪ ನೋಡಲಾರದೆ ಗೋಡೆಯ ಕಡೆ ತಿರುಗಿ ನಿಂತಿದ್ದರು.

"ಎಂಬತ್ಮೂರು, ಮ್ಯಾಲ ಇನ್ನೂರ!" ಗಿರಣಿಯವ ಕೂಗಿದ.

ಭಾಗಪ್ಪ ಹೋಗಿ ಶಂಕ್ರೆಪ್ಪನವರ ಎರಡೂ ಕೈ ಹಿಡಿದುಕೊಂಡ. "ಸಾವ್ಕಾರ್ರ, ನಿಮ್ಮ ಕಾಟಾ ಬಂಗಾರದಂಥಾದ್ರಿ. ಇನ್ನೊಮ್ಮೆ ಅದಕ್ಕ ನೀವ ಹೆಸರ ಇಡಬ್ಯಾಡ್ರಿ." ಶಂಕ್ರೆಪ್ಪ ಹೆಗಲ ಮೇಲಿನ ವಸ್ತ್ರದಿಂದ ಮುಖ ಒರೆಸಿಕೊಂಡರು, ಬೆವರಿನ ನೆಪದಲ್ಲಿ ಕಣ್ಣನ್ನೂ ಒರೆಸಿಕೊಂಡರು. ಬಾಕ್ಸುಗಳು ಟ್ರ್ಯಾಕ್ಟರಿನಿಂದ ಮತ್ತೆ ಇಳಿದವು.

ಇಲ್ಲಿಗೆ ಮುಗಿದಿದ್ದರೆ ಚೇತನಕುಮಾರ ಹೇಗೋ ಬಾಳಿಕೊಳ್ಳುತ್ತಿದ್ದ. ಆದರೆ ಒಮ್ಮೆ ಹುಟ್ಟಿದ ಅನುಮಾನಕ್ಕೆ ಒಂದು ಗೂಟ ಬೇಡವೇ? ರೈತರು ಗೋದಾಮಿನ ಕಂಬದ ಮೇಲೆ ಸುಣ್ಣದಲ್ಲಿ ದಪ್ಪಗೆ ಬರೆದರು: 'ಅಳಿಯಾ. ೮೩ ಕೆಜಿ ೨೦೦.' ಹಂಗಾಮು ಮುಗಿಯುವತನಕ ಪ್ರತಿ ಗುರುವಾರ ಮೊದಲು ಅಳಿಯ ಕಾಟಾ ಹತ್ತಬೇಕು. ಕಂಬದ ಮೇಲಿನ ಅಂಕಿ ಬಂದರೆ ಕಾಟಾ ಸರಿ. ಆಮೇಲೆ ದ್ರಾಕ್ಷಿ.

ಚೇತನಕುಮಾರ ಹೌಹಾರಿದ. "ಹಿರಿಯಾರ, ಮನಷ್ಯಾನ ತೂಕ ಒಂದ ನಮೂನಿ ಇರಂಗಿಲ್ರಿ! ದಿನಾ ಬದಲಾಗ್ತೈತಿ!"

"ನೀವು ನಾಕ ತಿಂಗಳ ಇಳಸೇ ಇಳಸಿದ್ರಿ ಸರ್," ಎಂದ ಭಾಗಪ್ಪ ಬಹಳ ಮರ್ಯಾದೆಯಿಂದ. "ಒಂದ ತೊಲಿ ಇಳೀಲಿಲ್ಲ. ನಿಮ್ಮಂಥ ಗಟ್ಟಿ ಕಲ್ಲ ನಮಗ ಎಲ್ಲಿ ಸಿಗಬೇಕ್ರಿ?"

ಸಂಜೆ ಮಾವನ ಮನೆಯ ಪಡಸಾಲೆಯಲ್ಲಿ ಊಟ. ನೀಲಾಬಾಯಿ ಶೇಂಗಾ ಹೋಳಿಗೆ ಮಾಡಿದ್ದಳು. ಎರಡು ಬಡಿಸಿದಳು, ತುಪ್ಪ ಸುರಿದಳು, ಮೂರನೆಯದನ್ನು ಎತ್ತಿದಳು. ಚೇತನಕುಮಾರ ತಾಟಿಗೆ ಕೈ ಅಡ್ಡ ಹಿಡಿದ. ಆ ದಿನ ಅವನಿಗೆ ನಿಜವಾಗಿಯೂ ಬುದ್ಧಿ ಬಂದಿತ್ತು.

"ಸಾಕ್ರಿ ಅತ್ತಿಯಾರ. ನಾಳಿಂದ ಪಟ್ಟಿ ಗಿಟ್ಟಿ ಏನೂ ಬ್ಯಾಡ. ನಾನೂ ಮಾವಾರ ಜೋಡಿ ಮುಂಜಾನೆದ್ದು ನಡೀತೀನಿ."

ಶಂಕ್ರೆಪ್ಪ ಅಂಗಳದಲ್ಲಿ ಚಪ್ಪಲಿ ಮೆಟ್ಟುತ್ತಿದ್ದವರು ಗಾಬರಿಯಾಗಿ ತಿರುಗಿದರು. ಓಡಿ ಬಂದು ಅಳಿಯನ ಮುಂದೆ ಕೈ ಜೋಡಿಸಿದರು.

"ಅಳಿಯಾರ, ಕಾಲ ಬೀಳ್ತೀನಿ, ಅಂಥಾ ಕೆಲಸ ಮಾಡಬ್ಯಾಡ್ರಿ! ಪಾವ ಕೆಜಿ ಇಳದ್ರೂ ನನ್ನ ಮಾನ ಹೋಗ್ತೈತಿ. ಹಂಗಾಮ ಮುಗಿಯೂ ಮೇ ತಿಂಗಳತನಾ ಹಿಂಗ ಕುಂದರ್ರಿ, ಹಿಂಗ ಉಣ್ರಿ. ನಡ್ಯೂದು ನಾ ನೋಡ್ಕೋತೀನಿ!"

ಹೇಳಿದವರೇ ಎರಡೆರಡು ಮೆಟ್ಟಿಲು ಇಳಿದು ಓಣಿಯಲ್ಲಿ ಬಿರಬಿರನೆ ನಡೆದುಹೋದರು. ನೀಲಾಬಾಯಿ ಮೂರನೇ ಹೋಳಿಗೆ ಬಡಿಸಿದಳು.